ಸವೆದ ವೀರಗಲ್ಲಿನ ಅಕ್ಷರ ಓದಲು ಆರ್‌ಟಿಐ ಮಾಡಬೇಕೋ, ಫೋಟೋಗ್ರಾಮೆಟ್ರಿಯೋ?

ಬಯಲುಸೀಮೆ78

ಎಲ್ಲರಿಗೂ ನಮಸ್ಕಾರ. ಕೋಲಾರ ಕಡೆಯ ಒಂದು ವೀರಗಲ್ಲಿನ ಬರಹ ಓದಬೇಕಾಗಿದೆ. ಗ್ರಾನೈಟ್ ಜಾತಿಯ ಒರಟು ಕಲ್ಲು. ನೆಲದಿಂದ ಮೇಲೆ 120 ಸೆಂ.ಮೀ. ಎತ್ತರ, 80 ಸೆಂ.ಮೀ. ಅಗಲ. ಮೂರು ಹಂತದ ಶಿಲ್ಪ, ಒಟ್ಟು ಏಳು ಸಾಲು ಬರಹ: ಮೇಲಂಚಿನಲ್ಲಿ ಒಂದು, ನಡುವಿನ ಎರಡು ಪಟ್ಟಿಕೆಗಳಲ್ಲಿ ಮೂರು ಮೂರು. ಅಕ್ಷರದ ಎತ್ತರ 4 ರಿಂದ 5 ಸೆಂ.ಮೀ. ಪ್ರತಿ ಪಟ್ಟಿಕೆಯ ಮೇಲೆ ಸುಮಾರು 4 ಸೆಂ.ಮೀ. ಮುಂಚಾಚಿದ ಅಂಚಿದೆ. ಕೆಳಗಿನ ಪಟ್ಟಿಕೆ ನೆಲದಿಂದ 40 ಸೆಂ.ಮೀ. ಮೇಲಿದೆ.

ಮೊದಲ ಸಾಲಿನ "ಸ್ವಸ್ತಿ ಶ್ರೀ" ಬರಿಗಣ್ಣಿಗೇ ಕಾಣುತ್ತದೆ. ಉಳಿದದ್ದು ಬೆರಳಾಡಿಸಿದರೆ ಗೊತ್ತಾಗುತ್ತದೆ, ಕಣ್ಣಿಗೆ ಸಿಗುವುದಿಲ್ಲ. ಪಡಿಯಚ್ಚಿನಲ್ಲಿ (ಒದ್ದೆ ಕಾಗದ ಒತ್ತಿ ಮಸಿಯಿಂದ ತೆಗೆದ ಅಚ್ಚು) ಅಕ್ಷರಕ್ಕಿಂತ ಕಲ್ಲಿನ ಹರಳುಗಳೇ ಹೆಚ್ಚು ಮೂಡಿವೆ. ಕೈಯಲ್ಲಿರುವ ಸಲಕರಣೆ ಇಷ್ಟು: 24 ಮೆಗಾಪಿಕ್ಸೆಲ್ ಎಪಿಎಸ್-ಸಿ ಕ್ಯಾಮೆರಾ, 35 ಮಿ.ಮೀ. ಲೆನ್ಸ್, ಟ್ರೈಪಾಡ್, ವೈರ್‌ಲೆಸ್ ಟ್ರಿಗರ್ ಇರುವ ಒಂದು ಫ್ಲ್ಯಾಶ್, 16 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್. ಯಾವ ದಾರಿ ಹಿಡಿಯಲಿ: ಬೆಳಕಿನ ದಿಕ್ಕು ಬದಲಿಸುತ್ತಾ ಚಿತ್ರ ತೆಗೆಯುವ ಆರ್‌ಟಿಐಯೋ (ರಿಫ್ಲೆಕ್ಟನ್ಸ್ ಟ್ರಾನ್ಸ್‌ಫರ್ಮೇಶನ್ ಇಮೇಜಿಂಗ್), ಹಲವು ಕಡೆಯಿಂದ ತೆಗೆದ ಚಿತ್ರಗಳಿಂದ 3ಡಿ ಮಾದರಿ ಕಟ್ಟುವ ಫೋಟೋಗ್ರಾಮೆಟ್ರಿಯೋ? ಫೋನಿನ ಲೈಡಾರ್ (ಲೇಸರ್ ಬೆಳಕಿನಿಂದ ದೂರ ಅಳೆಯುವ ಸಾಧನ) ಸಾಕಾಗುತ್ತದೆ ಎಂದು ಕೆಲವರು ಹೇಳಿದರು, ಅದು ನಿಜವೇ?

ಓರೆಬೆಳಕು

ಲೈಡಾರ್ ವಿಷಯ ಮೊದಲು ಮುಗಿಸೋಣ. ಫೋನಿನ ಲೈಡಾರ್ ಕೋಣೆ ಅಳೆಯಲು ಮಾಡಿದ್ದು, ಅದರ ನಿಖರತೆ ಸೆಂಟಿಮೀಟರ್ ಲೆಕ್ಕದ್ದು. ನಿಮ್ಮ ಅಕ್ಷರದ ಗೀರು ಬಹುಶಃ ಒಂದು ಮಿ.ಮೀ. ಆಳವೂ ಇಲ್ಲ. ಅದರಲ್ಲಿ ಕಲ್ಲಿನ ಆಕಾರ ಬಂದೀತು, ಬರಹ ಬಾರದು.

ಆರ್‌ಟಿಐ ಮತ್ತು ಫೋಟೋಗ್ರಾಮೆಟ್ರಿ ಎರಡೂ ಕ್ಯಾಮೆರಾ ಕೆಲಸವೇ, ಆದರೆ ಅಳೆಯುವುದು ಬೇರೆ ಬೇರೆ. ಆರ್‌ಟಿಐಯಲ್ಲಿ ಕ್ಯಾಮೆರಾ ಅಲುಗುವುದಿಲ್ಲ, ಬೆಳಕು ಮಾತ್ರ ಸುತ್ತುತ್ತದೆ. ಪ್ರತಿ ಪಿಕ್ಸೆಲ್ ಯಾವ ದಿಕ್ಕಿನ ಬೆಳಕಿಗೆ ಎಷ್ಟು ಹೊಳೆಯಿತು ಎನ್ನುವುದರಿಂದ ಆ ಜಾಗದ ಇಳಿಜಾರು ಸಿಗುತ್ತದೆ. ಫೋಟೋಗ್ರಾಮೆಟ್ರಿಯಲ್ಲಿ ಬೆಳಕು ಹಾಗೇ ಇದ್ದು ಕ್ಯಾಮೆರಾ ಸರಿಯುತ್ತದೆ, ಆಳ ಸಿಗುತ್ತದೆ. ತೀರಾ ಆಳವಿಲ್ಲದ ಗೀರಿನಲ್ಲೂ ಅಂಚಿನ ಇಳಿಜಾರು ಉಳಿದಿರುತ್ತದೆ, ಹಾಗಾಗಿ ಸವೆದ ಬರಹಕ್ಕೆ ನನ್ನ ಮೊದಲ ಆಯ್ಕೆ ಆರ್‌ಟಿಐ.

ಇದರ ಮೂಲ 2001ರದ್ದು. ಹ್ಯೂಲೆಟ್-ಪ್ಯಾಕರ್ಡ್ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು ಪ್ರತಿ ಪಿಕ್ಸೆಲ್‌ಗೆ ಆರು ಗುಣಾಂಕಗಳ ಒಂದು ಸಮೀಕರಣ ಹೊಂದಿಸಿ, ಬೆಳಕನ್ನು ಪರದೆಯ ಮೇಲೆ ಬೇಕಾದ ಕಡೆ ಎಳೆದಾಡುವಂತೆ ಮಾಡಿದರು. 2005ರಲ್ಲಿ ಅಥೆನ್ಸ್‌ನಲ್ಲಿ ಪ್ರಾಚೀನ ಗ್ರೀಕರ ಖಗೋಳ ಲೆಕ್ಕದ ಆಂಟಿಕಿಥೆರಾ ಯಂತ್ರದ ತುಂಡುಗಳ ಮೇಲೆ ಇದನ್ನೂ ಎಕ್ಸ್‌ರೇ ಸಿಟಿ ಸ್ಕ್ಯಾನನ್ನೂ ಒಟ್ಟಿಗೆ ಬಳಸಿದರು. ತುಕ್ಕಿನ ಮೇಲ್ಮೈಯ ಗ್ರೀಕ್ ಅಕ್ಷರ ಬೆಳಕಿನಿಂದ, ಒಳಗೆ ಹುದುಗಿದ್ದವು ಎಕ್ಸ್‌ರೇಯಿಂದ ಹೊರಬಂದವು. ಹಿಂದೆ ಓದಿದ್ದರ ಎರಡರಷ್ಟು ಬರಹ ಸಿಕ್ಕಿತು.

ನಿಮ್ಮ ಕಲ್ಲಿನ ಲೆಕ್ಕ ಹೀಗೆ. ಇಡೀ ಕಲ್ಲನ್ನು ಒಂದೇ ಫ್ರೇಮಿನಲ್ಲಿ ತೆಗೆಯಬೇಡಿ. ಅದರ ಮೂಲೆಯಿಂದ ಮೂಲೆಗೆ 144 ಸೆಂ.ಮೀ. ಆಗುತ್ತದೆ. ಬೆಳಕು ಮೂಲೆ ಅಳತೆಯ ಎರಡರಿಂದ ನಾಲ್ಕು ಪಟ್ಟು ದೂರದಲ್ಲಿರಬೇಕು, ಎಂದರೆ ಕಡಿಮೆಯೆಂದರೂ 2.9 ಮೀಟರ್, ಅದೂ ಎಲ್ಲ ದಿಕ್ಕಿನಿಂದ. ಬಯಲಿನಲ್ಲಿ ಆಗದ ಮಾತು. ಪ್ರತಿ ಪಟ್ಟಿಕೆಯನ್ನು 45 ಸೆಂ.ಮೀ. ಅಗಲದ ಎರಡು ಫ್ರೇಮ್ ಮಾಡಿ, ಮೇಲಂಚಿಗೂ ಎರಡು. ನಡುವೆ ಹತ್ತು ಸೆಂ.ಮೀ. ಒಂದರ ಮೇಲೊಂದು ಬರಲಿ. ಒಂದು ಪಿಕ್ಸೆಲ್ ಸುಮಾರು 0.075 ಮಿ.ಮೀ. ಆಗುತ್ತದೆ. ಮೂಲೆ ಅಳತೆ 54 ಸೆಂ.ಮೀ., ಫ್ಲ್ಯಾಶ್ 1.5 ಮೀಟರ್‌ನಲ್ಲಿ ಇದ್ದರೆ ಸರಿ.

ಫ್ರೇಮಿನ ಅಂಚಿನಲ್ಲಿ ಹೊಳೆಯುವ ಎರಡು ಕಪ್ಪು ಗೋಲಿಗಳಿರಬೇಕು. ಬೆಳಕು ಎಲ್ಲಿಂದ ಬಂತೆಂದು ತಂತ್ರಾಂಶಕ್ಕೆ ತಿಳಿಯುವುದು ಗೋಲಿಯ ಮೇಲಿನ ಹೊಳಪಿನ ಚುಕ್ಕೆಯಿಂದ. ಗೋಲಿಯ ವ್ಯಾಸ 250 ಪಿಕ್ಸೆಲ್‌ಗಿಂತ ಕಡಿಮೆ ಇದ್ದರೆ ದಿಕ್ಕು ತಪ್ಪುತ್ತದೆ. ನಿಮ್ಮ ಅಳತೆಗೆ 25 ಮಿ.ಮೀ. ಗೋಲಿ 330 ಪಿಕ್ಸೆಲ್ ಬರುತ್ತದೆ, ಸಾಕು. ಉಕ್ಕಿನ ಬೇರಿಂಗ್ ಗುಂಡು ಬೇಡ, ಸುತ್ತಲಿನ ಆಕಾಶ, ಬಟ್ಟೆ ಎಲ್ಲ ಅದರಲ್ಲಿ ಪ್ರತಿಫಲಿಸಿ ನಿಜವಾದ ಚುಕ್ಕೆ ಯಾವುದೆಂದು ತಿಳಿಯದಾಗುತ್ತದೆ. ಗೋಲಿಯನ್ನು ಕಲ್ಲಿಗೆ ಅಂಟಿಸುವಂತಿಲ್ಲ, ಬೇರೆ ಸ್ಟ್ಯಾಂಡಿನ ಕಡ್ಡಿಗೆ ಕೂರಿಸಿ ಕಲ್ಲಿನ ಪಕ್ಕ ಅದೇ ಮಟ್ಟಕ್ಕೆ ತನ್ನಿ.

ಹನ್ನೆರಡು ದಿಕ್ಕು, ಪ್ರತಿ ದಿಕ್ಕಿಗೆ ಕಲ್ಲಿನ ಮೈಯಿಂದ 15, 30, 45, 60 ಡಿಗ್ರಿ ಕೋನ: 48 ಚಿತ್ರ. ಫ್ಲ್ಯಾಶಿಗೆ 1.5 ಮೀಟರ್ ದಾರ ಕಟ್ಟಿ. ದಾರದ ತುದಿ ಪಟ್ಟಿಕೆಯ ನಡುವಿಗೆ ಮುಟ್ಟುವಂತೆ ಹಿಡಿದು ಜಾಗ ನಿಲ್ಲಿಸಿಕೊಂಡು, ದಾರ ಬಿಟ್ಟು, ಕ್ಲಿಕ್. ದಾರ ಬೇಡವೆಂದು ಅಂದಾಜಿನಲ್ಲಿ ಮಾಡಿದರೆ 1.5 ಮೀಟರ್ 1.8 ಆಗುವುದು ಸುಲಭ, ಅಷ್ಟಕ್ಕೇ ಬೆಳಕು ಮೂವತ್ತು ಪ್ರತಿಶತ ಬೀಳುತ್ತದೆ. ತಂತ್ರಾಂಶ ಅದನ್ನು ಕಲ್ಲಿನ ಇಳಿಜಾರು ಎಂದು ತಿಳಿಯುತ್ತದೆ.

ಹಗಲಿನಲ್ಲಿ ಮಾಡುವುದಾದರೆ ಟಾರ್ಪಾಲಿನ್ ಮರೆ ಕಟ್ಟಿ, ಐಎಸ್‌ಒ 100, ಎಫ್/8 ಅಥವಾ ಎಫ್/11, ಶಟರ್ 1/200. ಫ್ಲ್ಯಾಶ್ ಇಲ್ಲದೆ ಒಂದು ಚಿತ್ರ ತೆಗೆದು ನೋಡಿ. ಅದು ಕಪ್ಪಾಗಿಯೇ ಬಂದರೆ ಮಾತ್ರ ಮುಂದುವರಿಯಿರಿ. ಇಲ್ಲವಾದರೆ ಸಂಜೆ ಕತ್ತಲಾದ ಮೇಲೆ ಮಾಡಿ, ಅದೇ ವಾಸಿ.

ಬಯಲುಸೀಮೆ78

ಧನ್ಯವಾದ ಸರ್. ಕೆಳಗಿನ ಪಟ್ಟಿಕೆಗೆ ಕೆಳಗಿಂದ ಬೆಳಕು ಕೊಡುವುದು ಹೇಗೆ? ನೆಲ ಅಡ್ಡ ಬರುತ್ತದಲ್ಲ.

ಓರೆಬೆಳಕು

ಕೊಡಲಾಗದು. 40 ಸೆಂ.ಮೀ. ಎತ್ತರದ ಜಾಗಕ್ಕೆ 1.5 ಮೀಟರ್ ದಾರ ಹಿಡಿದು ಕೆಳಗಿಂದ ಬಂದರೆ 75 ಡಿಗ್ರಿಗಿಂತ ತಗ್ಗಿದ ಕೋನ ಸಿಗುವುದೇ ಇಲ್ಲ, ದೀಪ ನೆಲದೊಳಗೆ ಹೋಗಬೇಕಾಗುತ್ತದೆ. ಕಲ್ಲಿನ ಬುಡ ಅಗೆಯುವ ಯೋಚನೆ ಖಂಡಿತ ಬೇಡ. ಎಡ, ಬಲ ಮತ್ತು ಮೇಲಿನ ಅರ್ಧ ವೃತ್ತದಿಂದಲೇ 40 ಚಿತ್ರ ತೆಗೆಯಿರಿ.

ಒಂದು ಎಚ್ಚರ. ಆಮೇಲೆ ವ್ಯೂವರ್‌ನಲ್ಲಿ (ಆರ್‌ಟಿಐ ಚಿತ್ರ ನೋಡುವ ತಂತ್ರಾಂಶ) ಬೆಳಕಿನ ಗುಂಡಿಯನ್ನು ಕೆಳಕ್ಕೂ ಎಳೆಯಬಹುದು, ಅದು ಬೇಡವೆನ್ನುವುದಿಲ್ಲ. ಆದರೆ ಆ ಭಾಗದಲ್ಲಿ ಕಾಣುವುದೆಲ್ಲ ಸಮೀಕರಣ ಊಹಿಸಿದ್ದು, ಕ್ಯಾಮೆರಾ ಕಂಡದ್ದಲ್ಲ. ಅಲ್ಲಿ ಕಂಡ ಗೆರೆಯನ್ನು ಅಕ್ಷರವೆಂದು ಬರೆದುಕೊಳ್ಳಬೇಡಿ.

ನಿಮ್ಮ ಮುಂಚಾಚಿದ ಅಂಚಿನದೂ ಒಂದು ತೊಡಕಿದೆ. ಮೇಲಿನಿಂದ 15 ಡಿಗ್ರಿಯಲ್ಲಿ ಬೆಳಕು ಬಿದ್ದರೆ 4 ಸೆಂ.ಮೀ. ಅಂಚಿನ ನೆರಳು 15 ಸೆಂ.ಮೀ. ಉದ್ದ. ಮೂರು ಸಾಲೂ ಕತ್ತಲೆ. 30 ಡಿಗ್ರಿಗೆ 7 ಸೆಂ.ಮೀ., 45ಕ್ಕೆ 4. ಆದ್ದರಿಂದ ತಗ್ಗಿದ ಕೋನಗಳನ್ನು ಪಟ್ಟಿಕೆಯ ಉದ್ದಕ್ಕೆ, ಎಡಬಲದಿಂದ ಮಾತ್ರ ಇಟ್ಟುಕೊಳ್ಳಿ. ಅಲ್ಲಿ ಬೇಕಾದರೆ 10 ಡಿಗ್ರಿಯ ನಾಲ್ಕಾರು ಹೆಚ್ಚುವರಿ ಚಿತ್ರ ತೆಗೆಯಿರಿ. ಮೇಲಿನಿಂದ 45, 60 ಸಾಕು.

ಮೆಶ್ಕಟ್ಟುವವ

ಓರೆಬೆಳಕು ಅವರು ಹೇಳಿದ್ದು ಸರಿ. ಆದರೆ ಇಂಥ ಕಲ್ಲಿಗೆ ಫೋಟೋಗ್ರಾಮೆಟ್ರಿಯನ್ನು ಬಿಡಬಾರದು ಎಂದು ನನ್ನ ವಾದ. ಕಾರಣ ಹರಳು. ಆರ್‌ಟಿಐ ಚಿತ್ರದಲ್ಲಿ ಇಳಿಜಾರೆಲ್ಲ ಒಂದೇ ಸಮ, 3 ಮಿ.ಮೀ. ಹರಳಿನ ಇಳಿಜಾರೂ 7 ಮಿ.ಮೀ. ಗೀರಿನ ಇಳಿಜಾರೂ ಒಂದೇ ಜೋರಾಗಿ ಕಾಣುತ್ತವೆ. ಬಳಪದ ಕಲ್ಲಿನಲ್ಲಿ ಆರ್‌ಟಿಐ ಅದ್ಭುತ. ಒರಟು ಗ್ರಾನೈಟಿನಲ್ಲಿ ಪಡಿಯಚ್ಚಿಗೆ ಆದ ತೊಂದರೆಯೇ ಅದಕ್ಕೂ ಆಗುತ್ತದೆ. ಆಳದ ಅಳತೆ ಕೈಯಲ್ಲಿದ್ದರೆ ಗಾತ್ರದ ಪ್ರಕಾರ ಜರಡಿ ಹಿಡಿಯಬಹುದು. ಈ ಕಲ್ಲಿಗೆ ಬೇಕಿರುವುದು ಆ ಜರಡಿ.

ಚಿತ್ರ ತೆಗೆಯುವ ಕ್ರಮ: 35 ಮಿ.ಮೀ. ಲೆನ್ಸ್‌ನಲ್ಲಿ 75 ಸೆಂ.ಮೀ. ದೂರದಿಂದ ಫ್ರೇಮಿನ ಅಗಲ 50 ಸೆಂ.ಮೀ., ಎತ್ತರ 33. ಪಿಕ್ಸೆಲ್ 0.084 ಮಿ.ಮೀ. ಅಡ್ಡಕ್ಕೆ 10 ಸೆಂ.ಮೀ.ಗೊಂದು, ಉದ್ದಕ್ಕೆ 11 ಸೆಂ.ಮೀ.ಗೊಂದು ಹೆಜ್ಜೆ ಇಟ್ಟರೆ ಒಂಬತ್ತು ಕಂಬಸಾಲು, ಹನ್ನೆರಡು ಅಡ್ಡಸಾಲು, 108 ಚಿತ್ರ. ಇಷ್ಟಕ್ಕೇ ನಿಲ್ಲಿಸಿದರೆ ಚಪ್ಪಟೆ ಕಲ್ಲು ಮಾದರಿಯಲ್ಲಿ ಬಟ್ಟಲಿನಂತೆ ಬಾಗಿ ಬರುತ್ತದೆ, ಏಕೆಂದರೆ ಎಲ್ಲ ಚಿತ್ರಗಳೂ ನೇರ ನೋಟದವು, ಲೆನ್ಸಿನ ವಕ್ರತೆಯನ್ನೂ ಕಲ್ಲಿನ ವಕ್ರತೆಯನ್ನೂ ತಂತ್ರಾಂಶ ಬೇರೆ ಮಾಡಲಾರದು. 15 ರಿಂದ 20 ಡಿಗ್ರಿ ಓರೆಯಾಗಿ ನಾಲ್ಕೂ ಕಡೆಯಿಂದ 30 ಚಿತ್ರ, ಕ್ಯಾಮೆರಾ ನಿಲುವಾಗಿ ತಿರುಗಿಸಿ ಇನ್ನೊಂದು 10 ಸೇರಿಸಿ. ಒಟ್ಟು 150ರ ಆಸುಪಾಸು. ಪಟ್ಟಿಕೆಗಳ ಮುಂಚಾಚಿದ ಅಂಚಿನ ಕೆಳಗೆ ಕ್ಯಾಮೆರಾ ಇಣುಕಬೇಕು. ಅಲ್ಲಿ ಚಿತ್ರ ಕಡಿಮೆಯಾದರೆ ಪ್ರತಿ ಪಟ್ಟಿಕೆಯ ಮೊದಲ ಸಾಲಿನ ತಲೆಕಟ್ಟುಗಳೇ ಹೋಗುತ್ತವೆ.

ಎಫ್/8, ಐಎಸ್‌ಒ 100, ರಾ (ಕ್ಯಾಮೆರಾ ತಿದ್ದದ ಮೂಲ ಕಡತ), ಫೋಕಸ್ ಒಮ್ಮೆ ಹಿಡಿದು ಟೇಪ್ ಅಂಟಿಸಿಬಿಡಿ. ಬಿಸಿಲು ಬೀಳಬಾರದು, ಸುತ್ತ ಬಿಳಿ ಬಟ್ಟೆ ಅಥವಾ ಮೋಡದ ದಿನ. ಅಳತೆಪಟ್ಟಿ ಎರಡು, ಒಂದು ಅಡ್ಡ ಒಂದು ನಿಲುವು, ಚಿತ್ರ ತೆಗೆಯುವಷ್ಟು ಹೊತ್ತೂ ಅಲುಗಬಾರದು.

ಚಿತ್ರಗಳಿಂದ ಮಾದರಿ ಕಟ್ಟುವ ತಂತ್ರಾಂಶಗಳಲ್ಲಿ ಮೆಶ್‌ರೂಮ್ ಉಚಿತ, ಆದರೆ ಆಳದ ಲೆಕ್ಕಕ್ಕೆ ಎನ್‌ವಿಡಿಯಾ ಕಾರ್ಡ್ ಬೇಕೇ ಬೇಕು. ಕಾರ್ಡ್ ಇಲ್ಲದ ಲ್ಯಾಪ್‌ಟಾಪ್ ಆದರೆ ಮೆಟಾಶೇಪ್ ನಿಧಾನವಾಗಿಯಾದರೂ ನಡೆಯುತ್ತದೆ. ಮೆಶ್‌ರೂಮಿನಲ್ಲಿ ಆಳದ ನಕ್ಷೆಯ ಡೌನ್‌ಸ್ಕೇಲ್ 2 ಎಂದಿರುತ್ತದೆ, 1 ಮಾಡಿ. ಕೊನೆಗೆ ತಾನಾಗಿ ನಡೆಯುವ ನಯಗೊಳಿಕೆಯನ್ನು ಸೊನ್ನೆ ಮಾಡಿ. ಮೆಟಾಶೇಪ್‌ನಲ್ಲಿ ಡೆಪ್ತ್ ಫಿಲ್ಟರಿಂಗ್ "ಮೈಲ್ಡ್" ಇರಲಿ, "ಅಗ್ರೆಸಿವ್" ಬೇಡ. ನಾನು ಬೇಡವೆಂದ ಸೆಟ್ಟಿಂಗ್‌ಗಳು ಕಟ್ಟಡಕ್ಕೆ ಒಳ್ಳೆಯವು. ಅರ್ಧ ಮಿ.ಮೀ. ಗೀರನ್ನು ಮಾತ್ರ ಗದ್ದಲವೆಂದು ಉಜ್ಜಿ ಹಾಕುತ್ತವೆ.

ಪಡಿಯಚ್ಚು

ಇಬ್ಬರೂ ಕಲ್ಲಿನ ಮೈ ಶುಚಿ ಇದೆ ಎಂದುಕೊಂಡು ಮಾತಾಡುತ್ತಿದ್ದೀರಿ. ಊರಿನವರು ಪೂಜಿಸುವ ಕಲ್ಲಾದರೆ ಎಣ್ಣೆ, ಕುಂಕುಮ, ಎಷ್ಟೋ ಸಲ ಸುಣ್ಣ. ಮೊದಲು ಊರಿನ ಹಿರಿಯರ ಒಪ್ಪಿಗೆ ಕೇಳಿ. ಸಂರಕ್ಷಿತ ಸ್ಮಾರಕದ ಆವರಣದಲ್ಲಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯದೋ ರಾಜ್ಯ ಪುರಾತತ್ವ ಇಲಾಖೆಯದೋ ಲಿಖಿತ ಅನುಮತಿ ಬೇಕು. ಶುಚಿ ಮಾಡಲು ಬರೀ ನೀರು, ಮೆತ್ತನೆಯ ನೈಲಾನ್ ಬ್ರಶ್, ಇಷ್ಟೇ. ತಂತಿ ಬ್ರಶ್, ಆಸಿಡ್, ಸೋಪಿನ ಪುಡಿ ಮುಟ್ಟಲೇಬಾರದು. ಕಲ್ಲುಹೂವನ್ನು ಕೆರೆದರೆ ಅದು ಹಿಡಿದುಕೊಂಡಿರುವ ಕಲ್ಲಿನ ಪದರವೂ ಕೂಡ ಬರುತ್ತದೆ. ಅಕ್ಷರ ಎದ್ದು ಕಾಣಲಿ ಎಂದು ಸೀಮೆಸುಣ್ಣ ತುಂಬುವ ಅಭ್ಯಾಸವನ್ನಂತೂ ನಿಲ್ಲಿಸಲೇಬೇಕು. ತುಂಬಿದವರು ತಾವು ಓದಿದ್ದನ್ನು ತುಂಬಿರುತ್ತಾರೆ. ಮುಂದಿನವರು ಕಲ್ಲನ್ನಲ್ಲ, ಅವರ ಸುಣ್ಣವನ್ನು ಓದುತ್ತಾರೆ.

ಪಡಿಯಚ್ಚನ್ನು ಹಳೆಯದೆಂದು ತಳ್ಳಬೇಡಿ. ಒದ್ದೆ ಕಾಗದ ಗೀರಿನ ತಳಕ್ಕೆ ಇಳಿಯುವಂತೆ ಬ್ರಶ್‌ನಿಂದ ಬಡಿದು, ಅರ್ಧ ಒಣಗಿದಾಗ ಮಸಿಯ ಉಂಡೆಯಿಂದ ಒತ್ತುವ ಕೆಲಸ ಕೈ ಪಳಗಿದವರಲ್ಲಿ ಬಹಳ ಚೆನ್ನಾಗಿ ಬರುತ್ತದೆ. ನೂರು ವರ್ಷ ಹಿಂದಿನ ಪಡಿಯಚ್ಚು ಸಿಕ್ಕರೆ ಅದು ನೂರು ವರ್ಷ ಕಡಿಮೆ ಸವೆದ ಕಲ್ಲಿನ ದಾಖಲೆ. ಮೈಸೂರಿನಲ್ಲಿರುವ ಸರ್ವೇಕ್ಷಣೆಯ ಶಾಸನ ವಿಭಾಗದಲ್ಲಿ ಅಂಥ ಸಂಗ್ರಹವೇ ಇದೆ. ಕೋಲಾರ ಜಿಲ್ಲೆಯದೆಂದರೆ ಬಿ. ಎಲ್. ರೈಸ್ ಅವರ ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕದ 10ನೇ ಸಂಪುಟ, 1905ರದ್ದು. ಅದರಲ್ಲಿ ಈ ಕಲ್ಲು ಇದೆಯೇ ನೋಡಿ. ಪದರ ಏಳುತ್ತಿರುವ ಕಲ್ಲಿಗೆ ಮಾತ್ರ ಇನ್ನೊಮ್ಮೆ ಪಡಿಯಚ್ಚು ಬೇಡ, ಬಡಿತಕ್ಕೇ ಚಕ್ಕೆ ಬೀಳುತ್ತದೆ.

ಓರೆಬೆಳಕು

ಎಣ್ಣೆ ಜಿಡ್ಡಿನ ಮಾತು ಬಂದದ್ದು ಒಳ್ಳೆಯದಾಯಿತು. ಜಿಡ್ಡು ಹೋಗದಿದ್ದರೆ ಫ್ಲ್ಯಾಶಿನ ಮುಂದೆ ಪೋಲರೈಸಿಂಗ್ ಹಾಳೆ, ಲೆನ್ಸಿಗೆ ಪೋಲರೈಸರ್ ಹಾಕಿ ಅಡ್ಡ ತಿರುಗಿಸಿದರೆ ಮಿರುಗು ಸಾಯುತ್ತದೆ. ಬೆಳಕು ಎರಡು ಮೂರು ಸ್ಟಾಪ್ ಕಡಿಮೆಯಾಗುತ್ತದೆ. ಇದನ್ನು ಫೋಟೋಗ್ರಾಮೆಟ್ರಿಗೆ ಮಾತ್ರ ಬಳಸಿ. ಆರ್‌ಟಿಐಗೆ ಹಾಕಿದರೆ ಕಪ್ಪು ಗೋಲಿಯ ಮೇಲಿನ ಚುಕ್ಕೆಯೂ ಸಾಯುತ್ತದೆ, ಬೆಳಕಿನ ದಿಕ್ಕು ತಿಳಿಯುವ ದಾರಿಯೇ ಇರುವುದಿಲ್ಲ.

ಬಯಲುಸೀಮೆ78

ಒಪ್ಪಿಗೆ ಸಿಕ್ಕಿತು. ಎರಡೂ ಬಗೆಯ ಚಿತ್ರ ಆಗಿದೆ. ಫೋಟೋಗ್ರಾಮೆಟ್ರಿ 152 ಚಿತ್ರ, ಆರ್‌ಟಿಐ ಆರು ಫ್ರೇಮ್. ಎರಡು ಸಮಸ್ಯೆ. ಮೆಶ್ (ಕಲ್ಲಿನ ಮೈಯ 3ಡಿ ಮಾದರಿ) ಬಂದಿದೆ, ಸುಂದರವಾಗಿದೆ, ಆದರೆ ಬಣ್ಣ ತೆಗೆದು ನೋಡಿದರೆ ಅಕ್ಷರ ಹರಳಿನಲ್ಲಿ ಮುಳುಗಿಹೋಗಿದೆ. ಎರಡನೆಯದು, ಆರ್‌ಟಿಐಯ ಒಂದು ಫ್ರೇಮಿನಲ್ಲಿ ಅಕ್ಷರಗಳು ಕೊರೆದಂತಲ್ಲ, ಉಬ್ಬಿದಂತೆ ಕಾಣುತ್ತಿವೆ. ಅದೇ ಫ್ರೇಮ್ ಮಸುಕೂ ಆಗಿದೆ.

ಓರೆಬೆಳಕು

ಉಬ್ಬಿದಂತೆ ಕಾಣಲು ಎರಡು ಕಾರಣ ಇರಬಹುದು. ಒಂದು ನಮ್ಮ ಕಣ್ಣಿನದು: ಬೆಳಕು ಮೇಲಿನಿಂದ ಬರುತ್ತದೆ ಎಂದು ಮನಸ್ಸು ನಂಬಿರುತ್ತದೆ. ವ್ಯೂವರ್‌ನಲ್ಲಿ ಬೆಳಕು ಕೆಳಗಿದ್ದರೆ ಗುಳಿ ಉಬ್ಬಾಗಿ ಕಾಣುತ್ತದೆ. ಬೆಳಕನ್ನು ಎಡ ಮೇಲಕ್ಕೆ ಎಳೆಯಿರಿ. ಆಗಲೂ ಉಬ್ಬಿದ್ದರೆ ನಾರ್ಮಲ್ ನಕ್ಷೆಯ (ಇಳಿಜಾರಿನ ದಿಕ್ಕನ್ನು ಬಣ್ಣವಾಗಿ ತೋರಿಸುವ ಚಿತ್ರ) ಹಸಿರು ಚಾನೆಲ್ ತಿರುವುಮುರುವಾಗಿದೆ, ಅದನ್ನು ವಿಲೋಮ ಮಾಡಿ. "ಸ್ವಸ್ತಿ ಶ್ರೀ" ಇರುವ ಫ್ರೇಮ್ ಇದೆಯಲ್ಲ, ಅದು ಕೊರೆದದ್ದೆಂದು ಗೊತ್ತಿರುವುದರಿಂದ ಅದರ ಮೇಲೆ ಪರೀಕ್ಷಿಸಿ.

ಮಸುಕು ಟ್ರೈಪಾಡ್‌ನದು. ಆ ಫ್ರೇಮಿನ ಮೊದಲ ಚಿತ್ರವನ್ನೂ ಕೊನೆಯದನ್ನೂ ನೂರು ಪ್ರತಿಶತ ಹಿಗ್ಗಿಸಿ ಒಂದರ ಮೇಲೊಂದು ಬದಲಾಯಿಸುತ್ತಾ ನೋಡಿ. ಉತ್ತ ಮಣ್ಣಿನಲ್ಲಿ ಕಾಲು ಮೆಲ್ಲಗೆ ಇಳಿಯುತ್ತದೆ, 48 ಚಿತ್ರದೊಳಗೆ ನಾಲ್ಕೈದು ಪಿಕ್ಸೆಲ್ ಜರುಗುತ್ತದೆ. ಜರುಗಿದ್ದು ನೇರ ಪಕ್ಕಕ್ಕೆ ಮಾತ್ರ ಆಗಿದ್ದರೆ ಚಿತ್ರಗಳನ್ನು ಜೋಡಿಸಿಕೊಂಡು ಉಳಿಸಬಹುದು. ಇಲ್ಲದಿದ್ದರೆ ಕಾಲ ಕೆಳಗೆ ಚಪ್ಪಡಿ ಇಟ್ಟು ಆ ಫ್ರೇಮನ್ನು ಮತ್ತೆ ತೆಗೆಯಿರಿ.

ಮೆಶ್ಕಟ್ಟುವವ

ಮುಳುಗಿದ ಅಕ್ಷರ ಎತ್ತುವುದೇ ಮುಖ್ಯ ಕೆಲಸ, ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಕಲ್ಲಿನ ಮೈಮೇಲೆ ಮೂರು ಗಾತ್ರದ ಏರಿಳಿತ ಇದೆ. ಹರಳು 2 ರಿಂದ 4 ಮಿ.ಮೀ. ಕಲ್ಲಿನ ಸಹಜ ಅಂಕುಡೊಂಕು ಹತ್ತು ಸೆಂ.ಮೀ.ಗೂ ಹೆಚ್ಚು. ಗೀರಿನ ಅಗಲ ಇವೆರಡರ ನಡುವೆ. ಆ ನಡುವಿನದನ್ನು ಮಾತ್ರ ಉಳಿಸಿಕೊಳ್ಳಬೇಕು. ಎಷ್ಟೆಂದು ಊಹಿಸಬೇಡಿ, ನಿಮ್ಮ ಕಲ್ಲೇ ಹೇಳುತ್ತದೆ: ಅನುಮಾನವಿಲ್ಲದೆ ಕಾಣುವ "ಸ್ವಸ್ತಿ ಶ್ರೀ" ಇದೆಯಲ್ಲ, ಅದರ ಹತ್ತು ಜಾಗದಲ್ಲಿ ಗೀರಿನ ಅಗಲ ಮತ್ತು ಆಳ ಅಳೆಯಿರಿ. ಅದೇ ಕಂಡರಣೆಕಾರ, ಅದೇ ಉಳಿ, ಅದೇ ಕಲ್ಲು. ಉಳಿದ ಆರು ಸಾಲಿಗೂ ಅದೇ ಅಳತೆಗೋಲು.

3ಡಿ ಮಾದರಿ ಅಳೆಯುವ ತಂತ್ರಾಂಶ ಕ್ಲೌಡ್‌ಕಂಪೇರ್‌ನಲ್ಲಿ ಮಾದರಿಯನ್ನು ತೆರೆದು, ಅಳತೆಪಟ್ಟಿಯಿಂದ ಮಿ.ಮೀ.ಗೆ ತನ್ನಿ. ಇದನ್ನು ಬಿಟ್ಟರೆ ಮುಂದಿನ ಅಂಕಿಗಳಿಗೆ ಅರ್ಥವೇ ಇರುವುದಿಲ್ಲ. ಒಂದು ಪಟ್ಟಿಕೆಯನ್ನು ಮಾತ್ರ ಕತ್ತರಿಸಿ, ಮುಂಚಾಚಿದ ಅಂಚು ಬರದಂತೆ. ನಾಲ್ಕು ಸೆಂ.ಮೀ. ಮೆಟ್ಟಿಲೊಂದು ಒಳಗಿದ್ದರೆ ಪಕ್ಕದ ಅರ್ಧ ಮಿ.ಮೀ. ಗೀರು ಲೆಕ್ಕದಲ್ಲಿ ಕೊಚ್ಚಿಹೋಗುತ್ತದೆ. ಪಟ್ಟಿಕೆಗೆ ಸಮತಲ ಹೊಂದಿಸಿ ಮಲಗಿಸಿ. ನಂತರ ರಾಸ್ಟರೈಸ್ (ಮಾದರಿಯನ್ನು ಚೌಕಗಳ ಎತ್ತರದ ನಕ್ಷೆ ಮಾಡುವುದು), ಚೌಕದ ಅಳತೆ 0.25 ಮಿ.ಮೀ. 80 ಸೆಂ.ಮೀ. ಪಟ್ಟಿಕೆ 3200 ಚೌಕ ಆಗುತ್ತದೆ. ಎತ್ತರವನ್ನು 32 ಬಿಟ್ ಟಿಫ್ ಆಗಿ ಉಳಿಸಿ.

ಇಲ್ಲೇ ಬಹಳ ಜನ ಎಡವುತ್ತಾರೆ: 8 ಬಿಟ್ ಪಿಎನ್‌ಜಿ ಮಾಡಿಬಿಡುತ್ತಾರೆ. ಏರಿಳಿತ ಒಟ್ಟು 60 ಮಿ.ಮೀ. ಇದ್ದರೆ 256 ಮೆಟ್ಟಿಲಿನಲ್ಲಿ ಒಂದೊಂದು 0.23 ಮಿ.ಮೀ. ಅರ್ಧ ಮಿ.ಮೀ. ಗೀರು ಎರಡು ಮೆಟ್ಟಿಲಾಗಿ ಉಳಿಯುತ್ತದೆ. ಅಲ್ಲಿಂದ ಮುಂದೆ ಏನು ಮಾಡಿದರೂ ಬರಹ ಹಿಂದಿರುಗದು.

ಚಿತ್ರ ಸಂಸ್ಕರಿಸುವ ತಂತ್ರಾಂಶ ಇಮೇಜ್‌ಜೆಯಲ್ಲಿ ಆ ಟಿಫ್‌ನ ಎರಡು ಪ್ರತಿ ಮಾಡಿ. ಗೀರಿನ ಅಗಲ 7 ಮಿ.ಮೀ. ಎಂದುಕೊಂಡರೆ ಒಂದು ಪ್ರತಿಗೆ ಗಾಸಿಯನ್ ಬ್ಲರ್ (ಮಸುಕುಗೊಳಿಸುವ ಆಯ್ಕೆ) 1.5 ಮಿ.ಮೀ., ಎಂದರೆ 6 ಪಿಕ್ಸೆಲ್. ಇದು ಹರಳನ್ನು ತಗ್ಗಿಸುತ್ತದೆ. ಇನ್ನೊಂದಕ್ಕೆ ಗೀರಿನ ಎರಡರಷ್ಟು, 14 ಮಿ.ಮೀ., 56 ಪಿಕ್ಸೆಲ್. ಇದು ಅಕ್ಷರವಿಲ್ಲದ ಕಲ್ಲಿನ ಮೈ. ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಉಳಿದದ್ದನ್ನು ಪ್ಲಸ್ ಮೈನಸ್ 0.8 ಮಿ.ಮೀ. ಹರವಿನಲ್ಲಿ ಬೂದು ಬಣ್ಣದಲ್ಲಿ ನೋಡಿ. ಕಾಮನಬಿಲ್ಲಿನ ಬಣ್ಣ ಕೊಡಬೇಡಿ. ಹಳದಿಯಿಂದ ಹಸಿರಿಗೆ ತಿರುಗುವ ಜಾಗದಲ್ಲಿ ಇಲ್ಲದ ಗೆರೆ ಹುಟ್ಟುತ್ತದೆ.

ದೊಡ್ಡ ಬ್ಲರ್ ಗೀರಿನ ಅಗಲದಷ್ಟೇ ಆದರೆ ಗೀರಿನ ಸಾಕಷ್ಟು ಪಾಲು ತಾನೇ ಕಳೆದುಹೋಗುತ್ತದೆ, ಎರಡೂ ಪಕ್ಕ ಬಿಳಿ ದಡ ಏಳುತ್ತದೆ. ಆ ಬಿಳಿ ದಡವನ್ನು ಇನ್ನೊಂದು ಗೆರೆ ಎಂದು ಓದಿದವರಿದ್ದಾರೆ. 50 ಮಿ.ಮೀ. ಮಾಡಿದರೆ ಕಲ್ಲಿನ ಡೊಂಕು ಉಳಿದು ಅರ್ಧ ಪಟ್ಟಿಕೆ ಕಪ್ಪು, ಅರ್ಧ ಬಿಳಿ. ಕತ್ತರಿಸಿದ ಅಂಚಿನಿಂದ 2 ರಿಂದ 3 ಸೆಂ.ಮೀ. ಒಳಗಿನವರೆಗೆ ಬಂದ ಫಲಿತಾಂಶವನ್ನು ಪೂರ್ತಿ ನಂಬಬೇಡಿ. ಅಲ್ಲಿಗೆ ಆರ್‌ಟಿಐ ನೋಡಿ. ಅಂದಹಾಗೆ, ಮಾದರಿ ಬಟ್ಟಲಿನಂತೆ ಕೊಂಚ ಬಾಗಿದ್ದರೂ ಓದಿಗೆ ತೊಂದರೆಯಿಲ್ಲ. ಬಾಗು ದೊಡ್ಡ ಗಾತ್ರದ್ದು, ಈ ಕಳೆಯುವಿಕೆಯಲ್ಲಿ ಹೋಗುತ್ತದೆ. ಕಲ್ಲಿನ ಅಳತೆ ಪ್ರಕಟಿಸುವುದಾದರೆ ಮಾತ್ರ ಸರಿಪಡಿಸಬೇಕು.

ಇದೇ ಯೋಚನೆಯನ್ನು ಮೂರು ಆಯಾಮದಲ್ಲೇ ಮಾಡುವ ತಂತ್ರಾಂಶ ಗಿಗಾಮೆಶ್, ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಬೆಣೆಲಿಪಿಯ ಜೇಡಿ ಹಲಗೆಗಳಿಗೆಂದು ಬೆಳೆದದ್ದು. ಪ್ರತಿ ಬಿಂದುವಿನ ಸುತ್ತ ಬೇರೆ ಬೇರೆ ತ್ರಿಜ್ಯದ ಗೋಳ ಇಟ್ಟು, ಗೋಳದ ಎಷ್ಟು ಭಾಗ ಮೇಲ್ಮೈ ಒಳಗಿದೆ ಎಂದು ಅಳೆಯುತ್ತದೆ. ಜೇಡಿ ಹಲಗೆಯ ಅಂಚು, ಬೆನ್ನು ಎಲ್ಲ ಕಡೆ ಬರಹ ಇರುವುದರಿಂದ ಅಲ್ಲಿ ಚಪ್ಪಟೆ ನಕ್ಷೆ ನಡೆಯದು. ನಿಮ್ಮ ಪಟ್ಟಿಕೆ ಚಪ್ಪಟೆ, ಎತ್ತರದ ನಕ್ಷೆಯೇ ಸಾಕು.

ಹೊಸಕಣ್ಣು

ಇಷ್ಟೆಲ್ಲ ಯಾಕೆ, ಎಐ ಅಪ್‌ಸ್ಕೇಲರ್‌ಗೆ ಚಿತ್ರ ಕೊಟ್ಟರೆ ಅಕ್ಷರ ಸ್ಪಷ್ಟ ಮಾಡಿಕೊಡುವುದಿಲ್ಲವೇ?

ಹಳೆಲಿಪಿ

ಕೊಡುತ್ತದೆ, ಮತ್ತು ಅದೇ ಅಪಾಯ. ಅಂಥ ತಂತ್ರಾಂಶ ಕಲ್ಲನ್ನು ಅಳೆದಿರುವುದಿಲ್ಲ. ಮಸುಕಾದ ಜಾಗಕ್ಕೆ ತಾನು ಕಲಿತ ಲಕ್ಷಾಂತರ ಚಿತ್ರಗಳಿಂದ ಹೊಂದುವ ಗೆರೆ ತಂದು ಕೂರಿಸುತ್ತದೆ. ಇತ್ತೀಚಿನ ಫೋನ್‌ಗಳು ಜೂಮ್ ಮಾಡಿದಾಗಲೂ ಇದನ್ನೇ ಮಾಡುತ್ತವೆ. ಶಾಸನದ ಚಿತ್ರಕ್ಕೆ ಫೋನೇ ಗತಿ ಎಂದಾದರೆ ರಾ ಮೋಡ್‌ನಲ್ಲಿ, ಜೂಮ್ ಇಲ್ಲದೆ ತೆಗೆಯಿರಿ.

ಎಐಗೆ ಜಾಗವಿಲ್ಲ ಎಂದಲ್ಲ. ಗ್ರೀಕ್ ಶಾಸನಗಳಿಗೆ ಡೀಪ್‌ಮೈಂಡ್ 2022ರಲ್ಲಿ ತಂದ ಇಥಾಕಾ ಮಾದರಿ ನಷ್ಟವಾದ ಅಕ್ಷರಗಳನ್ನು ಊಹಿಸುತ್ತದೆ. ಅದು ಒಂಟಿಯಾಗಿ 62 ಪ್ರತಿಶತ ಸರಿ ಹೇಳಿತು. ಇತಿಹಾಸಕಾರರು ತಾವಾಗಿ ಮಾಡಿದಾಗ 25 ಪ್ರತಿಶತ, ಅದರ ಸಲಹೆಗಳನ್ನು ಇಟ್ಟುಕೊಂಡು ಮಾಡಿದಾಗ 72. ಅದು ಕೆಲಸ ಮಾಡುವುದು ಪಠ್ಯದ ಮೇಲೆ. ಬಿಟ್ಟ ಜಾಗ ಇಲ್ಲಿದೆ ಎಂದು ಮನುಷ್ಯ ಗುರುತಿಸಿಟ್ಟ ಮೇಲೆ, "ಇವು ಸಾಧ್ಯತೆಗಳು" ಎಂದು ಬೇರೆಯಾಗಿ ಹೇಳುತ್ತದೆ. ಚಿತ್ರದೊಳಗೆ ಗುಟ್ಟಾಗಿ ಗೆರೆ ಎಳೆಯುವುದಕ್ಕೂ ಇದಕ್ಕೂ ಅಜಗಜಾಂತರ. ಕನ್ನಡದಲ್ಲೂ ಅಂಥದ್ದು ಆಗಬೇಕಾದರೆ ಕಾಲಮಾನ ತಿಳಿದಿರುವ ಅಕ್ಷರಗಳ ದೊಡ್ಡ ಸಂಗ್ರಹ ಬೇಕು. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳ 3ಡಿ ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಇಡುತ್ತಿರುವುದು ಈ ಕಾರಣಕ್ಕೂ ದೊಡ್ಡ ಕೆಲಸ.

ಬಯಲುಸೀಮೆ ಅವರಿಗೆ ಒಂದು ಮಾತು: ಎಪಿಗ್ರಾಫಿಯಾದ ಪಾಠವನ್ನು ಈಗಲೇ ನೋಡಬೇಡಿ. ಇಬ್ಬರು ಬೇರೆ ಬೇರೆ ಕೂತು ನಿಮ್ಮ ಚಿತ್ರದಿಂದ ಓದಿ ಬರೆದುಕೊಂಡ ಮೇಲೆ ತೆರೆಯಿರಿ. ಮೊದಲೇ ನೋಡಿದರೆ ಕಣ್ಣು ಅದನ್ನೇ ಕಾಣುತ್ತದೆ.

ಬಯಲುಸೀಮೆ78

"ಸ್ವಸ್ತಿ ಶ್ರೀ"ಯಲ್ಲಿ ಹತ್ತು ಅಳತೆ: ಅಗಲ 6 ರಿಂದ 8 ಮಿ.ಮೀ., ಆಳ 0.9 ರಿಂದ 1.3. ಹೇಳಿದ ಹಾಗೆ ಕಳೆದ ಮೇಲೆ ಮೇಲಿನ ಪಟ್ಟಿಕೆಯ ಮೂರೂ ಸಾಲು ಎದ್ದು ಬಂದವು, ನಿಜಕ್ಕೂ ಸಂತೋಷವಾಯಿತು. ಅಲ್ಲಿ ಆಳ 0.4 ರಿಂದ 0.6 ಅಷ್ಟೇ. ಎರಡು ಕಡೆ ತೀರ್ಮಾನವಾಗುತ್ತಿಲ್ಲ. ಮೂರನೇ ಸಾಲಿನ ಐದನೆಯ ಅಕ್ಷರ "ಪ"ವೋ "ಷ"ವೋ? ನಡುವೆ ಒಂದು ಅಡ್ಡಗೆರೆ ಕಾಣುತ್ತದೆ. ನಾಲ್ಕನೇ ಸಾಲಿನಲ್ಲಿ ಒಂದು ದುಂಡು ಗುರುತು, ಸೊನ್ನೆಯೋ ಹರಳು ಉದುರಿದ ಗುಳಿಯೋ?

ಹಳೆಲಿಪಿ

ಎರಡಕ್ಕೂ ಮೇಲಿನಿಂದ ನೋಡುವುದನ್ನು ಬಿಟ್ಟು ಅಡ್ಡಸೀಳು (ಕತ್ತರಿಸಿ ಪಕ್ಕದಿಂದ ನೋಡಿದಂತೆ ಕಾಣುವ ಆಕಾರ) ನೋಡಿ. ಕ್ಲೌಡ್‌ಕಂಪೇರ್‌ನಲ್ಲಿ ಆ ಅಡ್ಡಗೆರೆಗೆ ಲಂಬವಾಗಿ 2 ಮಿ.ಮೀ.ಗೊಂದರಂತೆ ಐದು ಸೀಳು ತೆಗೆಯಿರಿ. ಉಳಿಯ ಗೀರು ಸವೆದಾಗ ಅಗಲವಾದ ತಟ್ಟೆಯಂತಾಗುತ್ತದೆ, ಐದೂ ಸೀಳಿನಲ್ಲಿ ಅಗಲ ಸುಮಾರು ಒಂದೇ. ಬಿರುಕು ಕಿರಿದು, ಅಂಚು ಚೂಪು, ಅಗಲ ಏರುಪೇರು. ಮತ್ತೆ ಬಿರುಕಿಗೆ ಅಕ್ಷರದ ಗಡಿ ತಿಳಿಯದು, ಅದು ಆಚೆಗೂ ಹೋಗಿರುತ್ತದೆ. ಗೆರೆಯ ಎರಡೂ ತುದಿಯನ್ನು ಹಿಂಬಾಲಿಸಿ ನೋಡಿ.

ಸೊನ್ನೆಯನ್ನು ಬಳೆಯಂತೆ ಕೊರೆದಿದ್ದರೆ ನಡುವೆ ಕಲ್ಲು ಉಳಿದಿರುತ್ತದೆ. ಸೀಳಿನಲ್ಲಿ ತಗ್ಗು, ಉಬ್ಬು, ತಗ್ಗು ಎಂದು ಬರುತ್ತದೆ. ಹರಳು ಉದುರಿದ ಗುಳಿಗೆ ನಡುವೆಯೇ ಹೆಚ್ಚು ಆಳ, ಬದಿ ಕಡಿದಾಗಿ ಒಂದು ಮೂಲೆಯಾದರೂ ಇರುತ್ತದೆ. ಬೇರೆ ಸಾಲಿನಲ್ಲಿ ಅನುಮಾನವಿಲ್ಲದ ಸೊನ್ನೆ ಇದ್ದರೆ ಅದರ ವ್ಯಾಸದೊಂದಿಗೂ, ಸಾಲಿನಲ್ಲಿ ಅದು ಕೂತಿರುವ ಎತ್ತರದೊಂದಿಗೂ ಹೋಲಿಸಿ.

ಬಯಲುಸೀಮೆ78

ಅಡ್ಡಗೆರೆ 1.5 ಮಿ.ಮೀ. ಅಗಲ, 0.3 ಆಳ. ಎಡಕ್ಕೆ ಅಕ್ಷರ ದಾಟಿ ಇನ್ನೂ 6 ಸೆಂ.ಮೀ. ಹೋಗಿ ಪಕ್ಕದ ಅಕ್ಷರವನ್ನೂ ಸೀಳಿದೆ. ಬಿರುಕು. ಅಕ್ಷರ "ಪ". ದುಂಡು ಗುರುತಿನ ನಡುವೆ 0.3 ಮಿ.ಮೀ. ಉಬ್ಬು ಉಳಿದಿದೆ, ವ್ಯಾಸ 12 ಮಿ.ಮೀ., ಎರಡನೇ ಸಾಲಿನ ಸೊನ್ನೆಯೂ 12. ಇದು ಸೊನ್ನೆಯೇ.

ಇಬ್ಬರ ಓದು ಏಳು ಸಾಲಿನಲ್ಲಿ ಒಂಬತ್ತು ಅಕ್ಷರ ಬಿಟ್ಟು ಉಳಿದೆಲ್ಲ ಹೊಂದಿದೆ. ಕೆಳಗಿನ ಪಟ್ಟಿಕೆಯ ಕೊನೆಯ ಮೂಲೆಯಲ್ಲಿ ಕೈಯಗಲದ ಚಕ್ಕೆ ಎದ್ದುಹೋಗಿದೆ, ಅಲ್ಲಿ ನಾಲ್ಕು ಅಕ್ಷರದ ಜಾಗ. ಅದನ್ನು ಹೇಗೆ ಬರೆಯಲಿ?

ಹಳೆಲಿಪಿ

ಚಕ್ಕೆ ಎದ್ದಲ್ಲಿ ಚುಕ್ಕಿ, ನಾಲ್ಕು. ಒಂಬತ್ತನ್ನು ಕಂಸದಲ್ಲಿಟ್ಟು ಇಬ್ಬರ ಓದನ್ನೂ ಅಡಿಟಿಪ್ಪಣಿಯಲ್ಲಿ ಕೊಡಿ. ಪ್ರತಿ ಕಂಸದ ಅಕ್ಷರಕ್ಕೆ ಯಾವ ಚಿತ್ರದಿಂದ ಓದಿದ್ದು, ಬೆಳಕಿನ ದಿಕ್ಕು ಯಾವುದು ಅಥವಾ ಬ್ಲರ್ ಎಷ್ಟು ಎಂದೂ ಬರೆಯಿರಿ. ಹಾಗಾದರೆ ಬೇರೆಯವರು ಅದೇ ಅಂಕಿ ಹಾಕಿ ತಾವೂ ನೋಡಬಹುದು. ಈಗ 1905ರ ಸಂಪುಟ ತೆರೆಯಿರಿ. ಅಲ್ಲಿ ಈ ಕಲ್ಲು ಇದ್ದರೆ ಆ ನಾಲ್ಕು ಚುಕ್ಕಿಯ ಜಾಗವನ್ನೇ ಮೊದಲು ನೋಡಿ, ಚಕ್ಕೆ ಆಮೇಲೆ ಎದ್ದದ್ದಿರಬಹುದು.

ಮೆಶ್ಕಟ್ಟುವವ

ಮೂಲ ರಾ ಚಿತ್ರಗಳನ್ನು ಅಳಿಸಬೇಡಿ. ಚಿತ್ರಕ್ಕೆ 30 ಎಂಬಿ ಹಿಡಿದರೆ ಫೋಟೋಗ್ರಾಮೆಟ್ರಿ ನಾಲ್ಕೂವರೆ ಜಿಬಿ, ಆರ್‌ಟಿಐ ಎಂಟರ ಮೇಲೆ, ಎರಡೂ ಸೇರಿ ಒಂದು ಪೆನ್‌ಡ್ರೈವ್‌ನಷ್ಟು. ಎರಡು ಬೇರೆ ಊರಿನಲ್ಲಿ ಪ್ರತಿ ಇರಲಿ. ಬೆಳಕಿನ ದಿಕ್ಕುಗಳ ಎಲ್‌ಪಿ ಕಡತ ಮತ್ತು 32 ಬಿಟ್ ಟಿಫ್ ಜೊತೆಗಿರಲಿ.

ಪಡಿಯಚ್ಚು

ಜಾಗದ ನಿಖರ ಜಿಪಿಎಸ್ ಅಂಕಿಯನ್ನು ಸಾರ್ವಜನಿಕ ಪುಟದಲ್ಲಿ ಹಾಕಬೇಡಿ, ಚಿತ್ರದ ಕಡತದೊಳಗಿಂದಲೂ ತೆಗೆಯಿರಿ. ಬರಹವಿರುವ ಕಲ್ಲಿನಡಿ ನಿಧಿ ಇದೆಯೆಂದು ರಾತ್ರಿ ಕಿತ್ತು ಹಾಕುವವರು ಇನ್ನೂ ಇದ್ದಾರೆ. ಊರಿನ ಹೆಸರು ಸಾಕು. ಓದಿದ ಪಾಠದ ಒಂದು ಪ್ರತಿಯನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಆ ಊರಿನ ಪಂಚಾಯಿತಿಗೂ ಶಾಲೆಗೂ ಕೊಟ್ಟುಬನ್ನಿ.

ಬಯಲುಸೀಮೆ78

ಸಂಪುಟದಲ್ಲಿ ಈ ಕಲ್ಲು ಇಲ್ಲ. ನಾಲ್ಕು ಚುಕ್ಕಿ ಹಾಗೇ ಇಟ್ಟಿದ್ದೇನೆ. ಕೆಳಗಿನ ಪಟ್ಟಿಕೆಯ ಎಡ ಫ್ರೇಮನ್ನು ಚಪ್ಪಡಿ ಇಟ್ಟು ಮತ್ತೆ ತೆಗೆದಾಗ ಒಂಬತ್ತರಲ್ಲಿ ಎರಡು ಅಕ್ಷರ ಸ್ಪಷ್ಟವಾದವು, ಏಳು ಕಂಸದಲ್ಲಿವೆ. ಪಾಠದ ಅಚ್ಚುಪ್ರತಿ ಈ ಭಾನುವಾರ ಊರಿಗೆ ಹೋಗುತ್ತದೆ.